ಬೈಕಂಪಾಡಿ ಗೋಡೌನಿಗೆ ಉದ್ದ ಸರಕಿನ ರ‍್ಯಾಕ್: ಕಂಬ ಎಷ್ಟು ದೂರಕ್ಕೆ, ನೆಲ ತಡೀತದಾ?

ಬೈಕಂಪಾಡಿ ಪೈಪ್ ಅಂಗಡಿ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದು ಪೈಪು, ಕಲರ್ ಶೀಟು, ಅಲ್ಯೂಮಿನಿಯಂ ಸೆಕ್ಷನ್ ಹೋಲ್‌ಸೇಲ್. ಗೋಡೌನ್ 40 ಅಡಿ ಅಗಲ, 100 ಅಡಿ ಉದ್ದ, ಬದಿ ಗೋಡೆಯ ಹತ್ತಿರ 18 ಅಡಿ ಎತ್ತರ. ಸರಕೆಲ್ಲ ಈಗ ನೆಲದ ಮೇಲೆ, ಅಡ್ಡ ಮರ ಕೊಟ್ಟು ರಾಶಿ ಹಾಕಿದ್ದು. ಅಡಿಯ ಕಟ್ಟಿನಿಂದ ನಾಲ್ಕು ಪೈಪು ತೆಗೀಬೇಕಾದ್ರೆ ಮೇಲಿನದ್ದೆಲ್ಲ ಇಳಿಸ್ಬೇಕು. ಗಿರಾಕಿಯ ಟೆಂಪೊ ಹೊರಗೆ ಕಾಯ್ತಾ ಇರ್ತದೆ. ಮಳೆಗಾಲದಲ್ಲಿ ಅಡಿಯ ಸಾಲಿನ ಜಿಐ ಪೈಪಿಗೆ ಬಿಳಿ ಹುಡಿ ಹಿಡೀತದೆ, ಅದನ್ನು ಹೊಸ ಮಾಲು ಅಂತ ಕೊಟ್ರೆ ಯಾರೂ ತಗೊಳ್ಳುವುದಿಲ್ಲ.

ಕ್ಯಾಂಟಿಲಿವರ್ ರ‍್ಯಾಕಿಗೆ ಎರಡು ಕೊಟೇಶನ್ ಬಂದಿದೆ. ಕಂಬದಿಂದ ಮುಂದಕ್ಕೆ ಚಾಚಿದ ಆರ್ಮ್ (ತೋಳು) ಮೇಲೆ ಸರಕು ಇಡುವ ನಮೂನೆ ಅದು. ಒಂದು ಕಂಪೆನಿಯದ್ದು: 3 ಮೀಟರಿಗೊಂದು ಕಂಬ, 1.2 ಮೀಟರ್ ಆರ್ಮ್, ಬೇಸ್ (ನೆಲದ ಮೇಲೆ ಕೂರುವ ಅಡಿಯ ತೋಳು) ಬಿಟ್ಟು ನಾಲ್ಕು ಹಂತ, ಪೌಡರ್ ಕೋಟಿಂಗ್, "ಒಂದು ಆರ್ಮಿಗೆ 600 ಕೆ.ಜಿ." ಅಂತ ಬರೆದಿದ್ದಾರೆ. ಇನ್ನೊಂದು ಇಲ್ಲಿಯ ಫ್ಯಾಬ್ರಿಕೇಶನ್‌ನವರದ್ದು: ಬೀಮು, ಚಾನೆಲ್ ತಂದು ವೆಲ್ಡ್ ಮಾಡಿ ಕೊಡ್ತೇವೆ ಅಂತ. ಅದು ತುಂಬ ಕಡಿಮೆಗೆ ಆಗ್ತದೆ.

ಸರಕು ಹೀಗೆ: ಜಿಐ ಪೈಪು 6 ಮೀಟರ್, ಪಿವಿಸಿ 6 ಮತ್ತು 3 ಮೀಟರ್, ಕಲರ್ ಶೀಟು 8ರಿಂದ 20 ಅಡಿ, ಅಲ್ಯೂಮಿನಿಯಂ 12 ಮತ್ತು 16 ಅಡಿ, ಸ್ವಲ್ಪ ಪ್ಲೈವುಡ್. 3 ಟನ್ನಿನ ಒಂದು ಫೋರ್ಕ್‌ಲಿಫ್ಟ್ ಉಂಟು. ಯಾವುದಕ್ಕೆ ಹೋಗುವುದು? ಗೋಡೌನಿನ ಮಧ್ಯದಲ್ಲಿ ಎರಡೂ ಬದಿಗೆ ಆರ್ಮ್ ಇರುವ ರ‍್ಯಾಕ್ ಒಂದೇ ಸಾಲು ಇಟ್ರೆ ಜಾಗ ಉಳೀತದೆ ಅಂತ ನನ್ನ ಅಂದಾಜು.

ಕುಳಾಯಿ ಫ್ಯಾಬ್ರಿಕೇಟರ್

ಅಣ್ಣ, ರೇಟು ನೋಡುವ ಮೊದಲು ನಿಮ್ಮ ಸರಕನ್ನೇ ಒಂದು ಸಲ ನೋಡಿ. ಒಂದು ಪುಸ್ತಕದಲ್ಲಿ ಪ್ರತಿ ಐಟಂಗೆ ಉದ್ದ, ಒಂದು ಕಟ್ಟಿನ ತೂಕ, ಎತ್ತಿದ್ರೆ ಬಾಗ್ತದಾ ಇಲ್ವಾ, ಕೈಯಿಂದ ತೆಗೀತೀರಾ ಫೋರ್ಕ್‌ಲಿಫ್ಟಾ, ಇಷ್ಟು ಬರೀರಿ. ರ‍್ಯಾಕಿನವನು ಕೇಳದಿದ್ರೂ ನೀವೇ ಅವನ ಕೈಗೆ ಕೊಡಿ. ಇದನ್ನು ಕೇಳದೆ ಕೊಟೇಶನ್ ಕೊಟ್ಟವನು ಅಂದಾಜಿಗೆ ಕೊಟ್ಟದ್ದು.

3 ಮೀಟರಿಗೊಂದು ಕಂಬ ಅಂದ್ರೆ 6 ಮೀಟರ್ ಪೈಪಿಗೆ ಎರಡೇ ಆಧಾರ. ಎರಡು ಇಂಚಿನ ಜಿಐಗೆ ಅದು ನಡೀತದೆ. ಅರ್ಧ ಇಂಚಿನ ಪಿವಿಸಿ ಅದರ ಮೇಲೆ ಹಗ್ಗದ ಹಾಗೆ ಜೋತು ಬೀಳ್ತದೆ. ನಂಬಿಕೆ ಇಲ್ಲದಿದ್ರೆ ಇವತ್ತೇ ನೋಡಿ: ಎರಡು ಮರದ ತುಂಡನ್ನು 3 ಮೀಟರ್ ದೂರಕ್ಕೆ ಇಟ್ಟು ಒಂದು ಕಟ್ಟು ಪೈಪು ಹಾಕಿ, ದಾರ ಹಿಡಿದು ಮಧ್ಯದಲ್ಲೂ ತುದಿಯಲ್ಲೂ ಎಷ್ಟು ಇಳಿದಿದೆ ಅಂತ ಅಳೀರಿ. ಕಣ್ಣಿಗೆ ಕಾಣುವಷ್ಟು ಇಳಿದ್ರೆ ಮೂರನೆಯ ತುಂಡು ಕೊಡಿ, ಪುನಃ ಅಳೀರಿ. ಕಂಬ ಎಷ್ಟು ದೂರಕ್ಕೆ ಅಂತ ಆ ಕಟ್ಟೇ ಹೇಳ್ತದೆ. ಬಾಗಿದ ಸರಕು ಇನ್ನೂ ಒಂದು ಕೆಲಸ ಮಾಡ್ತದೆ: ಆರ್ಮಿನ ತುದಿಯನ್ನು ಹೊರಗೆ ಎಳೀತದೆ, ಫೋರ್ಕ್ ಹಾಕುವಾಗ ಜಾರ್ತದೆ.

ಸುರತ್ಕಲ್ ಸ್ಟ್ರಕ್ಚರಲ್

ಮೇಲಿನವರು ಹೇಳಿದ್ದು ಸರಿ. ಅದಕ್ಕೆ ಲೆಕ್ಕ ಸೇರಿಸುತ್ತೇನೆ, ಯಾಕೆಂದರೆ ಕಂಬದ ದೂರದಷ್ಟೇ ಮುಖ್ಯವಾದದ್ದು ತುದಿಯಲ್ಲಿ ಎಷ್ಟು ಹೊರಗೆ ಬಿಡುತ್ತೀರಿ ಅನ್ನುವುದು. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ.

1 ಟನ್ ತೂಕದ, 6 ಮೀಟರ್ ಉದ್ದದ ಕಟ್ಟನ್ನು ಮೂರು ಆರ್ಮ್ ಮೇಲೆ ಇಡುತ್ತೀರಿ ಅಂತ ಇಟ್ಟುಕೊಳ್ಳಿ. ಎರಡು ತುದಿಯಲ್ಲಿ ಒಂದೊಂದು, ಸರಿಯಾಗಿ ಮಧ್ಯದಲ್ಲಿ ಒಂದು. ಮೂರಕ್ಕೂ ಸಮ ಪಾಲು, ತಲಾ 333 ಕೆ.ಜಿ. ಅಂತ ಮನಸ್ಸು ಹೇಳುತ್ತದೆ. ಹಾಗಲ್ಲ. ಆರ್ಮ್‌ಗಳು ಬಾಗದೆ ಒಂದೇ ಮಟ್ಟದಲ್ಲಿದ್ದರೆ ಮಧ್ಯದ ಆರ್ಮ್ 625 ಕೆ.ಜಿ. ಹೊರುತ್ತದೆ, ತುದಿಯ ಎರಡು ತಲಾ 188 ಕೆ.ಜಿ. ಮಾತ್ರ. ನಿಮ್ಮ ಕೊಟೇಶನ್‌ನ 600 ಕೆ.ಜಿ. ಮಿತಿ ಅಲ್ಲಿಗೇ ದಾಟಿತು.

ಅದೇ ಕಟ್ಟನ್ನು 2 ಮೀಟರಿಗೊಂದು ಆರ್ಮ್ ಇಟ್ಟು, ಎರಡೂ ತುದಿಯಲ್ಲಿ 1 ಮೀಟರ್ ಹೊರಗೆ ಬಿಡಿ. ಈಗ ಮಧ್ಯದ್ದಕ್ಕೆ ಸುಮಾರು 290, ಬದಿಯವಕ್ಕೆ ತಲಾ 355 ಕೆ.ಜಿ. ಹೆಚ್ಚುಕಡಿಮೆ ಸಮ. ಆರ್ಮ್ ಸಂಖ್ಯೆ ಅಷ್ಟೇ, ಖರ್ಚೂ ಅಷ್ಟೇ. ಆರ್ಮ್‌ಗಳ ನಡುವಿನ ದೂರದ ಅರ್ಧದಷ್ಟು ತುದಿಯಲ್ಲಿ ಹೊರಗಿರಲಿ ಅನ್ನುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ಅದಕ್ಕಿಂತ ಹೆಚ್ಚು ಬಿಟ್ಟರೆ ತುದಿ ಜೋತು ಬೀಳುತ್ತದೆ, ಓಡಾಡುವವರ ತಲೆಗೆ, ಭುಜಕ್ಕೆ ತಾಗುತ್ತದೆ.

ಒಂದೇ ಬೇಯಲ್ಲಿ (ಒಂದು ಕಟ್ಟನ್ನು ಹೊರುವ ಕಂಬಗಳ ಗುಂಪಿನಲ್ಲಿ) 12 ಅಡಿಯದ್ದನ್ನೂ 20 ಅಡಿಯದ್ದನ್ನೂ ಇಡುವಾಗ ಈ ಲೆಕ್ಕ ತಪ್ಪುತ್ತದೆ. ಉದ್ದ ಬದಲಾದರೆ ಆರ್ಮ್ ಮೇಲಿನ ಪಾಲೂ ಬದಲಾಗುತ್ತದೆ. ಆದ್ದರಿಂದ ಒಂದು ಉದ್ದಕ್ಕೆ ಒಂದು ಬೇ ಇಡುವುದು ಒಳ್ಳೆಯದು.

ಬೈಕಂಪಾಡಿ ಪೈಪ್ ಅಂಗಡಿ

ಸರ್, ಇದು ನನಗೆ ಯಾರೂ ಹೇಳಿರಲಿಲ್ಲ. ಹಾಗಾದ್ರೆ "ಆರ್ಮಿಗೆ 600 ಕೆ.ಜಿ." ಅಂದ್ರೆ ಎಂತ? ಆರ್ಮಿನ ಯಾವ ಜಾಗದಲ್ಲಿ ಇಟ್ರೂ 600 ತಡೀತದಾ?

ಸುರತ್ಕಲ್ ಸ್ಟ್ರಕ್ಚರಲ್

ಇಲ್ಲ. ಆರ್ಮಿನ ಉದ್ದಕ್ಕೂ ಸಮನಾಗಿ ಹರಡಿದ ತೂಕಕ್ಕೆ ಆ ಅಂಕಿ. ಹರಡಿದಾಗ ತೂಕದ ಕೇಂದ್ರ ಆರ್ಮಿನ ನಡುವಿನಲ್ಲಿ ಬೀಳುತ್ತದೆ. ಅಷ್ಟೇ ತೂಕ ತುದಿಗೆ ಸರಿದರೆ ಕಂಬದ ಹತ್ತಿರ ಬಾಗಿಸುವ ಬಲ ಎರಡು ಪಟ್ಟಾಗುತ್ತದೆ. ಪೈಪು ಉರುಳುವ ಸರಕು. ಕಟ್ಟಿನ ಪಟ್ಟಿ ಕತ್ತರಿಸಿ ನಾಲ್ಕು ತೆಗೆದ ಮೇಲೆ ಉಳಿದದ್ದು ಎಲ್ಲಿಗೆ ಉರುಳುತ್ತದೆ? ತುದಿಯ ಕಡೆಗೇ. ಆದ್ದರಿಂದ ಆರ್ಮಿಗೆ ಸ್ಟಾಪರ್ ಬೇಕು, ಆರ್ಮ್ ಸ್ವಲ್ಪ ಮೇಲ್ಮುಖವಾಗಿರಬೇಕು, ಸರಕು ಕಂಬದ ಕಡೆಗೇ ಕೂತಿರಬೇಕು.

ಆರ್ಮಿನ ಅಂಕಿ ನೋಡಿ ಕಂಬವನ್ನು ಮರೆಯಬೇಡಿ. ನಿಮ್ಮ ಎರಡು ಇಂಚಿನ ಮೀಡಿಯಂ ಜಿಐ ಪೈಪು 6 ಮೀಟರಿಗೆ ಸುಮಾರು 30 ಕೆ.ಜಿ. ಅರವತ್ತು ಪೈಪು ಅಂದರೆ 1,800 ಕೆ.ಜಿ., ಮೂರು ಆರ್ಮಿಗೆ ಹಂಚಿದರೆ ತಲಾ 600. ಲೆಕ್ಕ ಸುಲಭವಾಗಲಿ ಅಂತ ಆರ್ಮ್ 1 ಮೀಟರ್ ಅನ್ನೋಣ. ಸಮನಾಗಿ ಹರಡಿದ್ದರೆ ಒಂದು ಹಂತದಿಂದ ಕಂಬದ ಬುಡಕ್ಕೆ ಬೀಳುವ ಬಾಗಿಸುವ ಬಲ (ತೂಕವನ್ನು ಕಂಬದಿಂದ ಅದರ ಕೇಂದ್ರಕ್ಕಿರುವ ದೂರದಿಂದ ಗುಣಿಸಿದ್ದು) 300 ಕೆ.ಜಿ.-ಮೀಟರ್. ನಾಲ್ಕು ಹಂತ ಸೇರಿ 1,200. ಐಎಸ್‌ಎಂಬಿ 150 ಬೀಮಿನ (150 ಮಿ.ಮೀ. ಎತ್ತರದ, ಐ ಆಕಾರದ ಉಕ್ಕಿನ ಬೀಮು) ಸೆಕ್ಷನ್ ಮಾಡ್ಯುಲಸ್ (ಬಾಗುವುದನ್ನು ತಡೆಯುವ ಶಕ್ತಿಯ ಅಳತೆ) ಸುಮಾರು 97 ಘನ ಸೆಂಟಿಮೀಟರ್. ಹಳೆಯ ಕ್ರಮದಲ್ಲಿ ಚದರ ಮಿಲಿಮೀಟರಿಗೆ 165 ನ್ಯೂಟನ್ ಹಿಡಿದರೆ 1,630 ಕೆ.ಜಿ.-ಮೀಟರ್ ತಡೆಯುತ್ತದೆ. ಆಯಿತು ಅನ್ನಬಹುದು. ಆದರೆ ನಾಲ್ಕೂ ಹಂತದ ಸರಕು ತುದಿಗೆ ಸರಿದರೆ ಬುಡದಲ್ಲಿ 2,400. ಆಗ ಅದೇ ಕಂಬ ಸಾಲದು. ಆರ್ಮನ್ನು ನೀವು ಕೇಳಿದ ಹಾಗೆ 1.2 ಮೀಟರ್ ಮಾಡಿದರೆ ಹರಡಿದ ತೂಕಕ್ಕೇ 1,440, ತುದಿಗೆ ಸರಿದರೆ 2,880.

ನಿಮ್ಮ ಪೈಪಿನ ಕಟ್ಟಿನ ಅಗಲ ಎಷ್ಟು? 80 ಸೆಂಟಿಮೀಟರಿನ ಒಳಗೆ ಇದ್ದರೆ 1.2 ಮೀಟರಿನ ಆರ್ಮ್ ಯಾಕೆ? ಉದ್ದ ಆರ್ಮ್ ಇದ್ದರೆ ಎರಡನೆಯ ಕಟ್ಟನ್ನು ಹೊರಗಿನ ಬದಿಗೆ ಇಡುವ ಆಸೆ ಆಗಿಯೇ ಆಗುತ್ತದೆ.

ಪಣಂಬೂರು ಫೋರ್ಕ್‌ಲಿಫ್ಟ್

ನಾನು ಗಾಡಿ ಓಡಿಸುವವ, ಲೆಕ್ಕ ಅವರಿಗೆ ಬಿಡ್ತೇನೆ. ಓಣಿಯ ವಿಷಯ ಮಾತ್ರ ಹೇಳ್ತೇನೆ.

ನಿಮ್ಮ ಗೋಡೌನ್ 40 ಅಡಿ, ಅಂದ್ರೆ 12.2 ಮೀಟರ್. ಮಧ್ಯದಲ್ಲಿ ಎರಡು ಬದಿಯ ರ‍್ಯಾಕ್ ಇಟ್ರೆ ಅದೇ 2.6 ಮೀಟರ್ ನುಂಗ್ತದೆ. ಉಳಿದ 9.6ರಲ್ಲಿ ಆ ಕಡೆ 4.8, ಈ ಕಡೆ 4.8. ಫೋರ್ಕ್ ಮೇಲೆ 6 ಮೀಟರಿನ ಪೈಪು ಅಡ್ಡಕ್ಕೆ ಇರ್ತದೆ. 4.8 ಮೀಟರಿನ ಓಣಿಯಲ್ಲಿ ಅದನ್ನು ಹಿಡ್ಕೊಂಡು ಉದ್ದಕ್ಕೆ ಹೋಗ್ಲಿಕ್ಕೇ ಆಗುವುದಿಲ್ಲ! ಸಾಮಾನ್ಯ ಫೋರ್ಕ್‌ಲಿಫ್ಟಿಗೆ ಸರಕಿನ ಉದ್ದಕ್ಕಿಂತ ಅಗಲದ ಓಣಿ ಬೇಕು, ಆರೂವರೆಯಿಂದ ಏಳು ಮೀಟರ್ ಇದ್ರೆ ಧೈರ್ಯದಿಂದ ಓಡಿಸಬಹುದು. ಓಣಿ ಚಿಕ್ಕದಾಗ್ಬೇಕು ಅಂದ್ರೆ ಸೈಡ್ ಲೋಡರ್ ಅಥವಾ ನಾಲ್ಕೂ ದಿಕ್ಕಿಗೆ ಚಕ್ರ ತಿರುಗುವ ಗಾಡಿ ತರ್ಬೇಕು. ಅವು ಪೈಪನ್ನು ಓಣಿಯ ಉದ್ದಕ್ಕೇ ಹಿಡ್ಕೊಂಡು ಹೋಗ್ತವೆ. ಅವುಗಳ ಬೆಲೆಯೇ ಬೇರೆ.

ಹಾಗಾಗಿ ನಿಮಗೆ ಎರಡು ಗೋಡೆಗೆ ತಾಗಿ ಒಂದೊಂದು ಬದಿಯ ರ‍್ಯಾಕ್, ನಡುವೆ ಓಣಿ. ಬೇರೆ ದಾರಿ ನನಗೆ ಕಾಣುವುದಿಲ್ಲ.

ಇನ್ನೊಂದು ದಯವಿಟ್ಟು ಮಾಡಿ. ಪ್ರತಿ ಕಟ್ಟಿನ ನಡುಮಧ್ಯಕ್ಕೆ ಒಂದು ಬಣ್ಣದ ಗೆರೆ ಹಾಕಿ. ಆಪರೇಟರ್ ಕ್ಯಾಬಿನ್‌ನಿಂದ ನೋಡುವಾಗ 20 ಅಡಿಯ ಕಟ್ಟಿನ ಮಧ್ಯ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಅರ್ಧ ಅಡಿ ಆಚೀಚೆ ಆದ್ರೂ ಎತ್ತಿದ ಕೂಡ್ಲೆ ಒಂದು ಬದಿ ವಾಲ್ತದೆ. ಫೋರ್ಕ್ ಎರಡನ್ನೂ ಆದಷ್ಟು ಅಗಲಕ್ಕೆ ಸರಿಸಿ ಎತ್ತಬೇಕು, ಓಡುವಾಗ ಸರಕು ನೆಲಕ್ಕೆ ಹತ್ತಿರ ಇರ್ಬೇಕು. ಎತ್ತರದಲ್ಲಿ ಹಿಡ್ಕೊಂಡು ತಿರುಗಿಸಿದ್ರೆ ತುದಿ ಕಂಬಕ್ಕೆ ಬಡೀತದೆ. ರ‍್ಯಾಕ್ ಹಾಳಾಗುವುದು ತೂಕದಿಂದ ಕಡಿಮೆ, ಗಾಡಿ ಬಡಿದು ಹೆಚ್ಚು. ಮೂಲೆಯ ಕಂಬಗಳಿಗೆ ನೆಲಕ್ಕೆ ಬೋಲ್ಟ್ ಮಾಡಿದ ಗಾರ್ಡ್ ಹಾಕಿಸಿ.

ಉಡುಪಿ ಶಾಮಿಯಾನ

ನಮ್ಮದು ಪೆಂಡಾಲ್ ಕೆಲಸ. ಡಿಸೆಂಬರಿನಿಂದ ಮೇವರೆಗೆ ಕೋಲ, ನೇಮ, ಮದುವೆ, ಜಾತ್ರೆ ಅಂತ ಪೈಪುಗಳು ದಿನಾ ಹೋಗ್ತವೆ, ದಿನಾ ಬರ್ತವೆ. 8, 10, 12, 15, 20 ಅಡಿ ಎಲ್ಲ ಕಲಸಿ ಬರ್ತದೆ. ರಾತ್ರಿ ಎರಡು ಗಂಟೆಗೆ ಇಳಿಸುವ ಹುಡುಗರಿಗೆ ಯಾವುದು ಎಲ್ಲಿ ಅಂತ ಯೋಚನೆ ಮಾಡುವಷ್ಟು ತ್ರಾಣ ಇರುವುದಿಲ್ಲ.

ನಮಗೆ ಕ್ಯಾಂಟಿಲಿವರ್‌ಗಿಂತ ಗೂಡು ರ‍್ಯಾಕ್ ಅನುಕೂಲ ಆಯ್ತು. ಚೌಕ ಚೌಕ ಗೂಡು, ಮುಂದಿನಿಂದ ಪೈಪಿನ ತುದಿ ಹಿಡಿದು ಒಳಗೆ ದೂಡುವುದು, ಬೇಕಾದಾಗ ಎಳೆಯುವುದು. ಒಂದೊಂದು ಗೂಡಿಗೆ ಒಂದೊಂದು ಬಣ್ಣ, ಪೈಪಿನ ತುದಿಗೂ ಅದೇ ಬಣ್ಣ. ಓದ್ಲಿಕ್ಕೆ ಬಾರದವರೂ ಸರಿಯಾದ ಗೂಡಿಗೇ ಹಾಕ್ತಾರೆ. ಫೋರ್ಕ್‌ಲಿಫ್ಟ್ ಬೇಡ. ಎಳೆಯುವಾಗ ಮುಂದೆ ಪೈಪಿನಷ್ಟೇ ಉದ್ದದ ಜಾಗ ಖಾಲಿ ಇರ್ಬೇಕು, ಅದೊಂದೇ ತೊಂದರೆ. ನಿಮ್ಮ ಅಲ್ಯೂಮಿನಿಯಂ ಸೆಕ್ಷನ್ ನೂರಾರು ನಮೂನೆ ಇರ್ತದಲ್ಲಾ, ಪ್ರತಿಯೊಂದು ಸ್ವಲ್ಪ ಸ್ವಲ್ಪ. ಅದಕ್ಕೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬೈಕಂಪಾಡಿ ಪೈಪ್ ಅಂಗಡಿ

ಅಕ್ಕಾ, ಇದು ನನಗೆ ಹೊಳೆದೇ ಇರ್ಲಿಲ್ಲ. 12 ಅಡಿ ಅಂದ್ರೆ 3.7 ಮೀಟರ್. ಒಂದು ಗೋಡೆಗೆ ಕ್ಯಾಂಟಿಲಿವರ್ 1.3, ಎದುರು ಗೋಡೆಗೆ ಗೂಡು ರ‍್ಯಾಕ್ 3.7, ಒಟ್ಟು 5. ನಡುವೆ 7.2 ಮೀಟರ್ ಉಳೀತದೆ. ಫೋರ್ಕ್‌ಲಿಫ್ಟ್ ಅಣ್ಣ ಹೇಳಿದ ಓಣಿಯೂ ಆಯ್ತು, ಸೆಕ್ಷನ್ ಎಳೆಯುವ ಜಾಗವೂ ಆಯ್ತು. 16 ಅಡಿಯದ್ದು ಗೂಡಿನಲ್ಲಿ ಹಿಡಿಸುವುದಿಲ್ಲ, ಅದನ್ನು ಕ್ಯಾಂಟಿಲಿವರಿನಲ್ಲೇ ಇಡ್ಬೇಕು.

ಕುಳಾಯಿ ಫ್ಯಾಬ್ರಿಕೇಟರ್

ಒಳ್ಳೆ ನಕ್ಷೆ. ಅಲ್ಯೂಮಿನಿಯಂ ನೇರವಾಗಿ ಕಬ್ಬಿಣದ ಮೇಲೆ ಕೂರದ ಹಾಗೆ ನೋಡಿ. ಸಮುದ್ರದ ಗಾಳಿ, ಉಪ್ಪು, ಮಳೆಗಾಲದ ತೇವ ಮೂರೂ ಸೇರಿದ್ರೆ ಎರಡು ಲೋಹ ತಾಗುವಲ್ಲಿ ಅಲ್ಯೂಮಿನಿಯಂ ತಿಂದು ಹೋಗ್ತದೆ. ರಬ್ಬರ್ ಪಟ್ಟಿ ಅಂಟಿಸಿ. ಮರದ ಪಟ್ಟಿ ಬೇಡ, ಅದು ನೀರು ಹೀರಿ ಇಟ್ಕೊಳ್ತದೆ.

ಜೆಪ್ಪು ಮರದ ಡಿಪೋ

ಪ್ಲೈವುಡ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. 8 ಅಡಿ 4 ಅಡಿಯ 18 ಮಿ.ಮೀ. ಪ್ಲೈ ಒಂದು 32ರಿಂದ 38 ಕೆ.ಜಿ. ತೂಗ್ತದೆ. ಐವತ್ತು ಹಾಳೆಯ ಒಂದು ಅಟ್ಟಿ ಅಂದ್ರೆ 1,600 ಕೆ.ಜಿ. ಮೇಲೆಯೇ. ನೋಡ್ಲಿಕ್ಕೆ ಚಿಕ್ಕದು, ಪೈಪಿನ ಕಟ್ಟಿಗಿಂತ ಭಾರ. ಮೇಲಿನ ಹಂತಕ್ಕೆ ಹಾಕ್ಲೇಬೇಡಿ, ಬೇಸ್ ಮೇಲೆ ಇಡಿ. ಮೂರಕ್ಕಿಂತ ಕಡಿಮೆ ಆಧಾರ ಕೊಟ್ರೆ ಜೂನ್-ಜುಲೈ ತೇವಕ್ಕೆ ಹಾಳೆ ಅಲೆ ಅಲೆಯಾಗ್ತದೆ. ಮತ್ತೆ ಸರಿ ಆಗುವುದಿಲ್ಲ. ಐಎಸ್ 710ರ ಮರೈನ್ ಪ್ಲೈ ಆದ್ರೂ ಅಷ್ಟೇ, ಅದರ ಗೋಂದು ನೀರಿಗೆ ಬಿಡುವುದಿಲ್ಲ, ಬಾಗುವುದನ್ನು ತಡೆಯುವುದು ಬೇರೆ ವಿಷಯ. ಗೋಡೆಗೆ ಒರಗಿಸಿ ನಿಲ್ಲಿಸುವ ಕ್ರಮ ನಮ್ಮ ಊರಲ್ಲಿ ತುಂಬ ಉಂಟು. ಅದು ಹಾಳೆಗೂ ಹಾಳು, ಮನುಷ್ಯರಿಗೂ ಅಪಾಯ. ಮುಂದಿನ ನಾಲ್ಕು ಹಾಳೆ ಬಗ್ಗಿಸಿ ಹಿಂದಿನದ್ದನ್ನು ನೋಡುವಾಗ ಅಷ್ಟೂ ಮೈಮೇಲೆ ಬರ್ತದೆ. ಗೋಡೆಗೆ ತಾಗಿದ್ರೆ ಒರಲೆ ಹತ್ತಿದ್ದೂ ಗೊತ್ತಾಗುವುದಿಲ್ಲ.

ಈ ಚರ್ಚೆ ಓದುವ ಬೇರೆಯವರಿಗೆ ಒಂದು ಮಾತು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಸುರು ಮಾಡಿದ ಮೇಲೆ ಹೊಳೆ ಬದಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಅಂಥ ಹಳೆ ಕಟ್ಟಡಗಳು ಈಗ ಗೋಡೌನು ಆಗಿವೆ. ಒಳಗೆ ತಂಪು, ಗಾಳಿ ಆಡ್ತದೆ, ಮರದ ಸರಕಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದ್ರೆ ಅಲ್ಲಿಯ ನೆಲ ರ‍್ಯಾಕಿನ ಕಂಬಕ್ಕೆ ಅಂತ ಮಾಡಿದ್ದಲ್ಲ, ಗೋಡೆಗೆ ಆಂಕರ್ ಹೊಡೆದು ರ‍್ಯಾಕ್ ನಿಲ್ಲಿಸುವ ಯೋಚನೆಯನ್ನೂ ಮಾಡ್ಬೇಡಿ. ರ‍್ಯಾಕ್ ಅದರಷ್ಟಕ್ಕೇ ನಿಲ್ಲಬೇಕು.

ಬೈಕಂಪಾಡಿ ಪೈಪ್ ಅಂಗಡಿ

ನೆಲದ ಮಾತು ಬಂತು. ನಮ್ಮದು ಮಣ್ಣು ತುಂಬಿಸಿದ ಜಾಗ. ಮೇಲೆ ನಾಲ್ಕು ಇಂಚು ಕಾಂಕ್ರೀಟ್, ಸರಳಿಲ್ಲ. ಅಲ್ಲಲ್ಲಿ ಬಿರುಕು ಉಂಟು. ಕಂಪೆನಿಯವರು "ಆಂಕರ್ ಹೊಡೀತೇವೆ, ಸಾಕು" ಅಂದ್ರು.

ಸುರತ್ಕಲ್ ಸ್ಟ್ರಕ್ಚರಲ್

ಸಾಲದು. ಇಲ್ಲಿ ನಾನು ಖಂಡಿತವಾಗಿ ಹೇಳುತ್ತೇನೆ.

ನಾಲ್ಕು ಆರ್ಮ್ ಮತ್ತು ಬೇಸ್, ತಲಾ 600 ಅಂದರೆ ಒಂದು ಕಂಬ ನೆಲಕ್ಕೆ 3 ಟನ್ ಇಳಿಸುತ್ತದೆ. ಬೇಸ್ 1.2 ಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ ಇದ್ದರೆ ಚದರ ಮೀಟರಿಗೆ 16 ಟನ್‌ಗಿಂತ ಹೆಚ್ಚಿನ ಒತ್ತಡ, ಅದೂ ಸಮ ಅಲ್ಲ. ತುಂಬಿಸಿದ ಮಣ್ಣು ಒಂದು ಕಂಬದ ಅಡಿಯಲ್ಲಿ 10 ಮಿ.ಮೀ. ಕುಸಿದರೂ ಆ ಕಂಬದ ಆರ್ಮ್ ಪಾಲು ಪಕ್ಕದವಕ್ಕೆ ಹೋಗುತ್ತದೆ. ಮೊದಲು ಬರೆದ 290, 355 ಅನ್ನುವ ಸಮ ಹಂಚಿಕೆ ಎಲ್ಲ ಆರ್ಮ್ ಒಂದೇ ಮಟ್ಟದಲ್ಲಿದ್ದಾಗ ಮಾತ್ರ ನಿಜ. ನೆಲ ಕುಸಿದರೆ ಅದು ಹೋಯಿತು.

ಇಡೀ ಗೋಡೌನಿನ ನೆಲ ಒಡೆಯಬೇಕಾಗಿಲ್ಲ. ಕಂಬದ ಸಾಲಿನಡಿ ಒಂದು ಪಟ್ಟಿ ಮಾತ್ರ ಒಡೆದು, ಅಡಿಯ ಮಣ್ಣನ್ನು ಗಟ್ಟಿ ಮಾಡಿ, ಸರಳು ಹಾಕಿ ಹೊಸ ಕಾಂಕ್ರೀಟ್ ಹಾಕಿಸಿ. ದಪ್ಪ, ಅಗಲ ಎಷ್ಟು ಅಂತ ಇಂಜಿನಿಯರ್ ಮಣ್ಣು ನೋಡಿ ಹೇಳಲಿ. 28 ದಿನ ಕಳೆದ ಮೇಲೆ ಆಂಕರ್. ಆಂಕರ್ ಕಾಂಕ್ರೀಟಿನ ಅಂಚಿಗೆ ಹತ್ತಿರ ಬರಬಾರದು, ಅಂಚು ಸಿಡಿಯುತ್ತದೆ. ಬೇಸಿನ ಅಡಿಯಲ್ಲಿ ಸಂದು ಇದ್ದರೆ ಉಕ್ಕಿನ ತೆಳು ತಗಡು (ಶಿಮ್ ಪ್ಲೇಟ್) ಕೊಟ್ಟು ತೂಕುಗುಂಡು ಹಿಡಿದು ನೇರ ಮಾಡಬೇಕು, ಮರದ ಚಕ್ಕೆ ತುರುಕಬಾರದು. ಬೇಸ್ ಆರ್ಮಿಗಿಂತ ಗಿಡ್ಡ ಇರಲೇಬಾರದು. ಸರಕಿನ ತೂಕ ಬೇಸಿನ ಮೇಲೆಯೇ ಬೀಳುವುದರಿಂದ ರ‍್ಯಾಕ್ ಮುಂದಕ್ಕೆ ಮಗುಚದೆ ನಿಲ್ಲುತ್ತದೆ.

ಕಂಬ ಕಂಬದ ನಡುವೆ ಅಡ್ಡ ಪಟ್ಟಿ, ಗುಣಾಕಾರದ ಪಟ್ಟಿ ಇರುತ್ತವೆ. ಮುಂದಕ್ಕೆ ಬಾಗದ ಹಾಗೆ ಕಂಬ ತಡೆಯುತ್ತದೆ, ಉದ್ದಕ್ಕೆ ವಾಲದ ಹಾಗೆ ಆ ಪಟ್ಟಿಗಳು ತಡೆಯುತ್ತವೆ. ಆಚೆಯಿಂದ ಈಚೆಗೆ ದಾಟಲು ಅಡ್ಡಿ ಅಂತ ಯಾರೋ ಒಂದು ಪಟ್ಟಿ ಬಿಚ್ಚುತ್ತಾರೆ. ಅದನ್ನು ಯಾವತ್ತೂ ಬಿಡಬೇಡಿ. ನಮ್ಮ ಕರಾವಳಿ ಭೂಕಂಪದ ಮೂರನೆಯ ವಲಯದಲ್ಲಿ ಬರುತ್ತದೆ ಅನ್ನುವುದನ್ನೂ ರ‍್ಯಾಕ್ ಮಾಡುವವರಿಗೆ ನೆನಪಿಸಿ.

ಮಲ್ಪೆ ಬೋಟು

ಸ್ವಲ್ಪ ಬೇರೆ ವಿಷಯ, ಆದ್ರೆ ಗಾತ್ರದ ಸರಕಿನದ್ದೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ದಡದಲ್ಲಿ. ಆ ಸಮಯ ಬಲೆ ಎಲ್ಲ ಗೋಡೌನಿಗೆ ಬರ್ತದೆ. ನೆಲದಲ್ಲಿ ರಾಶಿ ಹಾಕಿದ್ರೆ ಹೆಗ್ಗಣ, ಇಲಿ, ಅಡಿಯಲ್ಲಿ ಒದ್ದೆ. ಕ್ಯಾಂಟಿಲಿವರ್ ಆರ್ಮ್ ಮೇಲೆ ಬಲೆ ಹಾಕಬಹುದಾ?

ಕುಳಾಯಿ ಫ್ಯಾಬ್ರಿಕೇಟರ್

ಹಾಕಬಹುದು ಅಣ್ಣ. ಆರ್ಮಿನಿಂದ ಆರ್ಮಿಗೆ ದಪ್ಪ ಪೈಪು ಉದ್ದಕ್ಕೆ ಕೂರಿಸಿ, ಅದರ ಮೇಲೆ ಬಲೆ ಮಡಚಿ ಇಳಿಬಿಡಿ. ಗಾಳಿ ಆಡ್ತದೆ, ಇಲಿಗೆ ಗೂಡು ಕಟ್ಲಿಕ್ಕೆ ಮರೆ ಸಿಗುವುದಿಲ್ಲ. ಆರ್ಮಿನ ಅಂಚು ಚೂಪಾಗಿದ್ರೆ ಗ್ರೈಂಡ್ ಮಾಡಿಸಿ, ಬೋಲ್ಟಿನ ತುದಿಗೆ ಕ್ಯಾಪ್ ಹಾಕಿ, ಬಲೆ ಹರಿಯಬಾರದು. ತೂಕ ಮಾತ್ರ ಒದ್ದೆ ಬಲೆಯದ್ದೇ ಹಿಡೀರಿ. ಬಿಸಿಲು ನೇರ ಬೀಳದ ಬದಿಯಲ್ಲಿ ಇಡಿ, ನೈಲಾನ್ ಬಿಸಿಲಿಗೆ ಸತ್ವ ಕಳ್ಕೊಳ್ತದೆ. ಟ್ರಾಲ್ ಬೋರ್ಡು, ವಯರ್ ರೋಪು ಅಡಿಯಲ್ಲಿ.

ಬೈಕಂಪಾಡಿ ಪೈಪ್ ಅಂಗಡಿ

ಬಿಳಿ ಹುಡಿಯ ವಿಷಯ ಯಾರಾದ್ರೂ ಹೇಳಿ. ರ‍್ಯಾಕಿಗೆ ಏರಿಸಿದ್ರೆ ಅದು ನಿಲ್ತದಾ?

ಕುಳಾಯಿ ಫ್ಯಾಬ್ರಿಕೇಟರ್

ಏರಿಸಿದ ಮಾತ್ರಕ್ಕೆ ನಿಲ್ಲುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ. ಜಿಐ ಅಂದ್ರೆ ಮೇಲೆ ಸತುವಿನ ಪದರ. ಗಾಳಿ ಆಡಿದ್ರೆ ಆ ಸತುವಿನ ಮೇಲೆ ತೆಳ್ಳಗಿನ ಗಟ್ಟಿ ಪದರ ಆಗಿ ಅದೇ ಕಾಪಾಡ್ತದೆ. ಎರಡು ಪೈಪಿನ ಸಂದಿಯಲ್ಲಿ, ಎರಡು ಶೀಟಿನ ನಡುವೆ ನೀರು ನಿಂತು ಗಾಳಿ ಇಲ್ಲದಿದ್ರೆ ಸತುವೇ ಬಿಳಿ ಹುಡಿಯಾಗಿ ಕರಗ್ತದೆ. ಲಾರಿಯಿಂದ ಒದ್ದೆ ಬಂದ ಕಟ್ಟನ್ನು ಹಾಗೇ ರ‍್ಯಾಕಿಗೆ ಏರಿಸಿದ್ರೆ ನೆಲದಲ್ಲಿ ಇಟ್ಟದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಮೊದಲು ಪಟ್ಟಿ ಸಡಿಲ ಮಾಡಿ ನೀರು ಇಳೀಲಿಕ್ಕೆ ಬಿಡಿ, ಒಣಗಿದ ಮೇಲೆ ಏರಿಸಿ. ಶೀಟನ್ನು ಉದ್ದಕ್ಕೆ ಒಂದು ಬದಿ ಸ್ವಲ್ಪ ಎತ್ತರ ಮಾಡಿ ಇಡಿ, ನೀರು ಜಾರಿ ಹೋಗ್ಲಿ. ಟಾರ್ಪಾಲಿನ್ ಬಿಗಿಯಾಗಿ ಸುತ್ತುವವರು ಉಂಟು. ಒಳಗಿನ ತೇವ ಹೊರಗೆ ಹೋಗ್ಲಿಕ್ಕೆ ದಾರಿಯೇ ಇರುವುದಿಲ್ಲ.

ಕಾಂಕ್ರೀಟಿಗೆ ಹಾಕುವ ಕಂಬಿ (ಸರಳು) ಸ್ಟಾಕ್ ಇಟ್ಟವರಿಗೆ ಹೇಳುವುದಾದ್ರೆ, ಸಾಮಗ್ರಿ ಪೇರಿಸುವ ಬಗ್ಗೆ ಐಎಸ್ 4082 ಅಂತ ಒಂದು ಮಾನಕ ಉಂಟು. ಕರಾವಳಿಯಲ್ಲಿ ಸರಳನ್ನು ನೆಲದಿಂದ ಕಡಿಮೆ ಅಂದ್ರೆ 150 ಮಿ.ಮೀ. ಎತ್ತರದಲ್ಲಿ ಇಡ್ಬೇಕು, ಸಿಮೆಂಟ್ ನೀರು ಬಳೀಬೇಕು ಅಂತ ಅದರಲ್ಲೇ ಬರೆದಿದೆ.

ರ‍್ಯಾಕಿಗೂ ಅದೇ ಉಪ್ಪು ಗಾಳಿ. ಪೌಡರ್ ಕೋಟಿಂಗ್ ಒಳ್ಳೆಯದೇ, ಆದ್ರೆ ಪೈಪು ಉಜ್ಜುವ ಆರ್ಮಿನ ಮೇಲ್ಮೈಯಲ್ಲಿ ಬಣ್ಣ ನಿಲ್ಲುವುದಿಲ್ಲ. ಹೊರಗೆ ಅಂಗಳದಲ್ಲಿ ಇಡುವುದಾದ್ರೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದುವುದು) ಬಿಟ್ಟು ಬೇರೆ ಮಾತಿಲ್ಲ. ಒಳಗೆ ಪೌಡರ್ ಸಾಕು, ಆರ್ಮಿನ ಮೇಲೆ ಮಾತ್ರ ಬದಲಾಯಿಸಬಹುದಾದ ಪಟ್ಟಿ ಇರ್ಲಿ.

ಸುರತ್ಕಲ್ ಸ್ಟ್ರಕ್ಚರಲ್

ಅಂಗಳದ ರ‍್ಯಾಕಿನ ತುದಿಗೆ ಶೀಟಿನ ಮಾಡು ಕಟ್ಟುವ ಯೋಚನೆ ಇದ್ದರೆ ಅದು ಬೇರೆಯೇ ಲೆಕ್ಕ. ಕಟ್ಟಡದ ಮೇಲೆ ಬೀಳುವ ಭಾರಗಳ ಮಾನಕ ಐಎಸ್ 875ರಲ್ಲಿ ಮಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಮಾಡನ್ನು ಗಾಳಿ ಮೇಲಕ್ಕೆ ಎತ್ತುತ್ತದೆ, ಆಗ ಆಂಕರ್ ಎಳೆತ ತಡೆಯಬೇಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಫ್ಯಾಬ್ರಿಕೇಟರ್ ಅವರಲ್ಲಿ ಒಂದು ನೇರ ಪ್ರಶ್ನೆ. ಇಲ್ಲಿ ವೆಲ್ಡ್ ಮಾಡಿ ಕೊಡುವ ರ‍್ಯಾಕಿಗೆ ಲೆಕ್ಕದ ಹಾಳೆ ಕೊಡುತ್ತೀರಾ?

ಕುಳಾಯಿ ಫ್ಯಾಬ್ರಿಕೇಟರ್

ಕೊಡ್ಬೇಕು ಸರ್, ಕೊಡದವರ ಹತ್ತಿರ ಮಾಡಿಸ್ಬಾರ್ದು. ನಾನು ಇದೇ ಕಸುಬಿನವ, ಆದ್ರೂ ಹೇಳ್ತೇನೆ: ಆರ್ಮ್ ಕಂಬಕ್ಕೆ ಸೇರುವ ಆ ಎರಡು ಇಂಚಿನ ವೆಲ್ಡಿನಲ್ಲಿ ಇಡೀ ರ‍್ಯಾಕ್ ನಿಂತಿರ್ತದೆ. ತೇವ ಹಿಡಿದ ಎಲೆಕ್ಟ್ರೋಡಿನಿಂದ, ಮಳೆಗಾಲದಲ್ಲಿ, ಏಣಿ ಮೇಲೆ ನಿಂತು ಮಾಡಿದ ವೆಲ್ಡನ್ನು ನಾನು ನಂಬುವುದಿಲ್ಲ. ಆರ್ಮಿಗೆ ಪ್ಲೇಟನ್ನು ವರ್ಕ್‌ಶಾಪಿನಲ್ಲೇ ವೆಲ್ಡ್ ಮಾಡಿ, ಸೈಟಿನಲ್ಲಿ ಬೋಲ್ಟ್ ಮಾತ್ರ ಮಾಡಿದ್ರೆ ಸರಿ. ಒಂದು ಆರ್ಮ್ ಬಾಗಿದ್ರೆ ಅದೊಂದನ್ನೇ ಬದಲಾಯಿಸಬಹುದು. ಬಾಗಿದ್ದನ್ನು ಗ್ಯಾಸಿನಲ್ಲಿ ಕಾಯಿಸಿ ನೇರ ಮಾಡಿ ಪುನಃ ಹಾಕುವ ಕೆಲಸ ಯಾರೂ ಮಾಡ್ಬೇಡಿ. ಕಂಪೆನಿಯದ್ದಾಗಲಿ ಇಲ್ಲಿಯದ್ದಾಗಲಿ, ಹಂತಕ್ಕೆ ಎಷ್ಟು, ಕಂಬಕ್ಕೆ ಎಷ್ಟು ಅಂತ ದೊಡ್ಡ ಬೋರ್ಡು ಕನ್ನಡದಲ್ಲಿ ಬರೆದು ರ‍್ಯಾಕಿಗೇ ಹಾಕಿ. ಲೋಡಿಂಗ್‌ನವರು ಓದುವ ಭಾಷೆಯಲ್ಲಿ ಇಲ್ಲದ ಬೋರ್ಡು ಯಾರಿಗೆ?

ಪಣಂಬೂರು ಫೋರ್ಕ್‌ಲಿಫ್ಟ್

ಅದು ನೂರಕ್ಕೆ ನೂರು. ಮತ್ತೆ ಆರ್ಮ್ ಹತ್ತಿ ಪೈಪು ತೆಗೆಯುವುದನ್ನು ನಿಲ್ಲಿಸಿ. ಚಕ್ರದ ಏಣಿ ಒಂದು ಇಡಿ. ವಾರಕ್ಕೊಮ್ಮೆ ಯಾರಾದ್ರೂ ಒಬ್ಬರು, ಅದೇ ಒಬ್ಬರು, ಎಲ್ಲ ಕಂಬ, ಬೋಲ್ಟು, ಪಿನ್ನು ನೋಡ್ಬೇಕು. ಗಾಡಿ ಬಡಿದ್ರೆ ಹೇಳಿದವನಿಗೆ ಬೈಬೇಡಿ. ಬೈದ್ರೆ ಮುಂದಿನ ಸಲ ಯಾರೂ ಹೇಳುವುದಿಲ್ಲ, ಬಾಗಿದ ಕಂಬದ ಮೇಲೆ 3 ಟನ್ ಕೂತಿರ್ತದೆ.

ಸುರತ್ಕಲ್ ಸ್ಟ್ರಕ್ಚರಲ್

ಯುರೋಪಿನ ಇಎನ್ 15635 ಮಾನಕದ ಕ್ರಮವೂ ಇದೇ. ಜವಾಬ್ದಾರಿ ಒಬ್ಬರ ಹೆಸರಿನಲ್ಲಿ, ನಿಯಮಿತವಾಗಿ ಕಣ್ಣಳತೆಯ ತಪಾಸಣೆ, ವರ್ಷಕ್ಕೊಮ್ಮೆ ತಜ್ಞರಿಂದ. ಹಾನಿಗೆ ಹಸಿರು, ಹಳದಿ, ಕೆಂಪು ಅಂತ ಮೂರು ದರ್ಜೆ. ಕೆಂಪು ಅಂದರೆ ಆಗಲೇ ಸರಕು ಇಳಿಸಬೇಕು.

ಬೈಕಂಪಾಡಿ ಪೈಪ್ ಅಂಗಡಿ

ಎಲ್ಲರಿಗೂ ತುಂಬ ಉಪಕಾರ. ಪೈಪಿನ ಕಟ್ಟು ಅಳೆದೆ, ಅಗಲ 70 ಸೆಂಟಿಮೀಟರ್. ಈಗ ಹೀಗೆ ಯೋಚನೆ ಮಾಡಿದ್ದೇನೆ, ತಪ್ಪಿದ್ರೆ ಹೇಳಿ. ಪಶ್ಚಿಮದ ಗೋಡೆಗೆ ಒಂದು ಬದಿಯ ಕ್ಯಾಂಟಿಲಿವರ್, ಕಂಬ 2.1 ಮೀಟರಿಗೊಂದು, ಮೂರು ಕಂಬಕ್ಕೆ ಒಂದು ಬೇ, ಅಂಥ ನಾಲ್ಕು ಬೇ. 6 ಮೀಟರ್ ಪೈಪಿಗೆ ಎರಡೂ ತುದಿಯಲ್ಲಿ 90 ಸೆಂಟಿಮೀಟರ್ ಹೊರಗೆ, ಕಟ್ಟು ಕಟ್ಟಿನ ನಡುವೆ 30 ಸೆಂಟಿಮೀಟರ್ ಖಾಲಿ ಜಾಗ. ಪೈಪಿನ ಮೂರು ಬೇಯಲ್ಲಿ ಆರ್ಮ್ 80 ಸೆಂಟಿಮೀಟರ್. ಪ್ಲೈವುಡ್ಡಿಗೆ ಮತ್ತು ಕಲರ್ ಶೀಟಿಗೆ ಕೊನೆಯ ಬೇ, ಅದಕ್ಕೆ ಮಾತ್ರ 1.2 ಮೀಟರ್. ಪಿವಿಸಿ ಇಡುವ ಹಂತಗಳಿಗೆ ಆರ್ಮ್ ಮೇಲೆ ಉದ್ದಕ್ಕೆ ಹಲಗೆ ಹಾಸುತ್ತೇನೆ, ಮೇಲಿನ ಹಂತದಲ್ಲಿ ಅಲ್ಲ, ಶೀಟಿನ ಮಾಡಿನ ಬಿಸಿ ಅಲ್ಲಿ ಜಾಸ್ತಿ. ಪೂರ್ವದ ಗೋಡೆಗೆ ಅಲ್ಯೂಮಿನಿಯಂ ಗೂಡು. ಕಂಪೆನಿಯವರಿಗೂ ಇಲ್ಲಿಯವರಿಗೂ ಇದೇ ನಕ್ಷೆ, ತೂಕದ ಇದೇ ಪಟ್ಟಿ ಕೊಟ್ಟು ಹೊಸ ಕೊಟೇಶನ್ ಕೇಳುತ್ತೇನೆ. ಲೆಕ್ಕದ ಹಾಳೆ ಕೊಟ್ಟವರ ಜತೆ ಮಾತ್ರ ಮಾತು.

ಸುರತ್ಕಲ್ ಸ್ಟ್ರಕ್ಚರಲ್

ಸರಿಯಾಗಿದೆ. ಒಂದೇ ತಿದ್ದುಪಡಿ: ಕೊನೆಯ ಬೇಗೆ 2.1 ಮೀಟರ್ ದೂರ ಹಾಕಬೇಡಿ. ಪ್ಲೈ ಹಾಳೆ 2.44 ಮೀಟರ್, 2.1ಕ್ಕೆ ಎರಡೇ ಕಂಬ ಸಿಗುತ್ತದೆ. ಅಲ್ಲಿ ಕಂಬವನ್ನು 90 ಸೆಂಟಿಮೀಟರಿಗೊಂದು ಇಟ್ಟರೆ ಹಾಳೆಗೆ ಮೂರು ಆಧಾರ ಬರುತ್ತದೆ, ತುದಿಯಲ್ಲಿ 32 ಸೆಂಟಿಮೀಟರ್ ಹೊರಗೆ. ಬಾಗುವ ಕಲರ್ ಶೀಟಿಗೂ ಅದೇ ಹತ್ತಿರದ ಕಂಬಗಳು ಒಳ್ಳೆಯದು. 20 ಅಡಿಯ ಶೀಟಿಗೆ ಆ ಸಾಲಿನಲ್ಲಿ ಏಳು ಕಂಬ ಬೇಕಾಗುತ್ತದೆ, ಖರ್ಚು ಸ್ವಲ್ಪ ಏರುತ್ತದೆ. ನೆಲದ ಪಟ್ಟಿಯ ಕಾಂಕ್ರೀಟನ್ನು ಮಾರ್ಚ್ ಒಳಗೆ ಮುಗಿಸಿ. ಏಪ್ರಿಲ್‌ನಲ್ಲಿ ರ‍್ಯಾಕ್ ನಿಂತರೆ ಮೇ ಕೊನೆಯ ಒಳಗೆ, ಮಳೆ ಹಿಡಿಯುವ ಮೊದಲು, ಸರಕು ಒಣಗಿದ್ದಾಗಲೇ ಏರಿಸಬಹುದು. ಏರಿಸುವಾಗ ಅಡಿಯ ಹಂತದಿಂದ ಸುರು ಮಾಡಿ.